ಸುಟ್ಟ ಚೀಲ ಯಾರದು?

ನಮ್ಮ ಆಫೀಸಿನಲ್ಲಿ ತಿಂಗಳಿಗೊಂದು ಶುಕ್ರವಾರ ಬುಕ್ ಕ್ಲಬ್ ಇರುತ್ತೆ. ಪಿಜ್ಜಾ ಖರ್ಚು ಕಂಪನಿಯದ್ದು, ಪುಸ್ತಕದ ಖರ್ಚು ನಮ್ಮದು. ಮೂರು ತಿಂಗಳಿಗೊಂದು ಥೀಮ್ ಇಡ್ತಾರೆ. ಹೋದ ವರ್ಷ ಒಂದು ಸಲ ಬಂದ ಥೀಮ್ ‘ಹೀಲಿಂಗ್’. ಬಾಲ್ಯದಲ್ಲಿ ನರಳಿದವರು ದೊಡ್ಡವರಾಗಿ ಬರೆದ ಆತ್ಮಕಥೆಗಳನ್ನು ಸಾಲಾಗಿ ಓದೋದು ಅಂತ ತೀರ್ಮಾನ ಆಯ್ತು.

ಮೊದಲು ಬಂದದ್ದು ಜೀನೆಟ್ ವಾಲ್ಸ್ ಬರೆದ ‘ದ ಗ್ಲಾಸ್ ಕ್ಯಾಸಲ್’. 2005ರಲ್ಲಿ ಬಂದ ಪುಸ್ತಕ, ಸಿನಿಮಾ ಕೂಡ ಆಗಿದೆ, ನಿಮ್ಮಲ್ಲಿ ಹಲವರು ಓದಿರಬಹುದು. ಅಪ್ಪ ರೆಕ್ಸ್ ಬುದ್ಧಿವಂತ, ಮಾತುಗಾರ, ಮಹಾ ಕುಡುಕ. ಮಕ್ಕಳಿಗೆ ಗಾಜಿನ ಅರಮನೆ ಕಟ್ಟಿಸಿಕೊಡ್ತೀನಿ ಅಂತ ವರ್ಷಗಟ್ಟಲೆ ನಕ್ಷೆ ಹಿಡಿದು ಓಡಾಡ್ತಾನೆ. ವೆಸ್ಟ್ ವರ್ಜೀನಿಯಾದ ವೆಲ್ಚ್ ಅನ್ನೋ ಊರಿನಲ್ಲಿ ಮಕ್ಕಳು ಅದಕ್ಕೆ ಪಾಯ ಕೂಡ ತೋಡ್ತಾರೆ. ಕೊನೆಗೆ ಆ ಗುಂಡಿಗೆ ಬೀಳೋದು ಮನೆಯ ಕಸ. ಊರು ಬಿಟ್ಟು ನ್ಯೂಯಾರ್ಕಿಗೆ ಹೋಗಬೇಕು ಅಂತ ಅಕ್ಕತಂಗಿಯರು ಹುಂಡಿಯಲ್ಲಿ ಕಾಸು ಕೂಡಿಡ್ತಾರೆ. ಒಂದು ದಿನ ನೋಡಿದ್ರೆ ಹುಂಡಿ ಒಡೆದಿದೆ, ದುಡ್ಡಿಲ್ಲ. ಯಾರು ತೆಗೆದದ್ದು ಅಂತ ಬಿಡಿಸಿ ಹೇಳಬೇಕಿಲ್ಲ.

ಅದನ್ನು ಓದ್ತಾ ಮೆಟ್ರೋದಲ್ಲಿ ನನ್ನ ಸ್ಟೇಷನ್ ದಾಟಿ ಎರಡು ಸ್ಟೇಷನ್ ಮುಂದೆ ಹೋಗಿಬಿಟ್ಟಿದ್ದೆ. ನಮ್ಮಪ್ಪನೂ ಕುಡಿಯೋರು. ಶನಿವಾರಸಂತೆಯ ಹತ್ತಿರದ ಒಂದು ಹಳ್ಳಿ ನಮ್ಮದು. ಮೂರು ಎಕರೆ ಕಾಫಿ, ಒಂದಿಷ್ಟು ಗದ್ದೆ. ತೊಂಬತ್ತರ ದಶಕದಲ್ಲಿ ಸಾರಾಯಿ ಪ್ಯಾಕೆಟ್ಟಿನಲ್ಲಿ ಬರ್ತಿತ್ತು. ಹಲ್ಲಲ್ಲಿ ತುದಿ ಕಚ್ಚಿ ಕುಡಿದು ಬಿಸಾಕಿದ ಪ್ಲಾಸ್ಟಿಕ್ ಕವರುಗಳು ತೋಟದ ದಾರಿಯುದ್ದಕ್ಕೂ ಬಿದ್ದಿರ್ತಿದ್ವು. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು. ಅಷ್ಟರಲ್ಲಿ ನಾನು ಹಾಸ್ಟೆಲ್ ಸೇರಿಯಾಗಿತ್ತು. ಅಪ್ಪ ಕ್ವಾರ್ಟರ್ ಬಾಟ್ಲಿಗೆ ಬದಲಾದರು, ಅಷ್ಟೇ. ರಾತ್ರಿ ಅವರು ಬರೋ ಸದ್ದು ಕೇಳಿದ್ರೆ ಅವ್ವ ನಮ್ಮಿಬ್ಬರನ್ನೂ ಎಬ್ಬಿಸಿ ಹಿಂಬಾಗಿಲಿಂದ ತೋಟಕ್ಕೆ ಕರ್ಕೊಂಡು ಹೋಗೋಳು. ಮಳೆಗಾಲದಲ್ಲಿ ಒಂದೇ ಗೊಪ್ಪೆಯ ಕೆಳಗೆ ಮೂರು ಜನ. ಜಿಗಣೆ ಹತ್ತಿದ್ರೂ ಸದ್ದು ಮಾಡೋ ಹಾಗಿರಲಿಲ್ಲ.

ಬುಕ್ ಕ್ಲಬ್ಬಿನಲ್ಲಿ ಇದನ್ನೆಲ್ಲ ಹೇಳೋ ಯೋಚನೆ ಇರಲಿಲ್ಲ. ಆದರೆ ಆವತ್ತು ನಡೆಸಿಕೊಡ್ತಿದ್ದವರು ‘ನಿಮ್ಮ ಬದುಕಿನಲ್ಲಿ ಇಂಥದ್ದೇನಾದರೂ’ ಅಂತ ಕೇಳಿದರು. ಕೊಡಗು ಅಂದ ತಕ್ಷಣ ಪಕ್ಕದಲ್ಲಿದ್ದವಳು ‘ವಾವ್, ಎಷ್ಟು ಲಕ್ಕಿ’ ಅಂದಳು. ಅದಕ್ಕೇ ಇರಬೇಕು, ಬಾಯಿ ಬಿಟ್ಟುಬಿಟ್ಟೆ. ಸ್ಕೂಲ್ ಚೀಲದ ಕತೆ ಹೇಳಿದೆ. ಒಂದು ರಾತ್ರಿ ಅಪ್ಪ ನನ್ನ ಚೀಲವನ್ನು, ಪುಸ್ತಕಗಳ ಸಮೇತ, ಬಚ್ಚಲೊಲೆಗೆ ತುರುಕಿ ಸುಟ್ಟದ್ದು. ಮಾರನೇ ದಿನ ನಾನು ಬರಿಗೈಯಲ್ಲಿ ಸ್ಕೂಲಿಗೆ ಹೋದದ್ದು. ಆ ಹುಡುಗ ಇವತ್ತು ನಿಮ್ಮ ಮುಂದೆ ಲ್ಯಾಪ್‌ಟಾಪ್ ಚೀಲ ಹಿಡಿದು ಕೂತಿದ್ದಾನೆ ಅಂತ ಮುಗಿಸಿದೆ. ಎರಡು ಸೆಕೆಂಡ್ ಮೌನ, ಆಮೇಲೆ ಚಪ್ಪಾಳೆ. ಒಬ್ಬರು ಕಣ್ಣೊರೆಸಿಕೊಂಡರು. ಸುಳ್ಳು ಯಾಕೆ ಹೇಳಲಿ, ಖುಷಿಯಾಯ್ತು.

ಜನವರಿಯಲ್ಲಿ ಕಾಫಿ ಕೊಯ್ಲಿಗೆ ಊರಿಗೆ ಹೋದೆ. ಆಳು ಸಿಗೋದು ಕಷ್ಟ ಅಂತ ಅಕ್ಕನೂ ಗಂಡನ ಮನೆಯಿಂದ ಬಂದಿದ್ದಳು. ಮಧ್ಯಾಹ್ನ ಇಬ್ಬರೂ ಕಣದಲ್ಲಿ ಕಾಫಿ ಕೆದರುತ್ತಾ ಇದ್ವಿ. ಬುಕ್ ಕ್ಲಬ್ಬು, ಚಪ್ಪಾಳೆ, ಎಲ್ಲ ಅವಳಿಗೆ ಹೇಳಿದೆ, ಸ್ವಲ್ಪ ಜಂಬದಲ್ಲೇ. ಅಕ್ಕ ಕೆದರೋದು ನಿಲ್ಲಿಸದೇ ಅಂದಳು, ‘ಅದು ನನ್ನ ಚೀಲ ಅಲ್ವೇನೋ?’

ನಾನು ಅಲ್ಲ ಅಂದೆ. ಅವಳು ಚೀಲದ ಬಣ್ಣ ಹೇಳಿದಳು. ಖಾಕಿ, ರಟ್ಟಿನಂಥ ಬಟ್ಟೆ, ಸಂತೆಯಲ್ಲಿ ಅವ್ವ ಕೊಡಿಸಿದ್ದು. ನನ್ನದು ನೀಲಿ, ಅವತ್ತು ಅದು ಅಟ್ಟದ ಏಣಿಗೆ ನೇತು ಹಾಕಿತ್ತು. ಸುಟ್ಟದ್ದಕ್ಕೆ ಕಾರಣವೂ ಇತ್ತು, ಅದನ್ನು ನಾನು ಪೂರ್ತಿ ಮರೆತೇ ಬಿಟ್ಟಿದ್ದೆ. ಅಪ್ಪ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದ ನಾಲ್ಕು ಪ್ಯಾಕೆಟ್ ಸಾರಾಯಿಯನ್ನು ಅಕ್ಕ ಸೂಜಿಯಲ್ಲಿ ಚುಚ್ಚಿ ಚರಂಡಿಗೆ ಬಿಟ್ಟಿದ್ದಳು. ಅವಳಾಗ ಎಂಟನೇ ಕ್ಲಾಸು. ಮಾರನೇ ದಿನ ಬರಿಗೈಯಲ್ಲಿ ಸ್ಕೂಲಿಗೆ ಹೋದದ್ದು ಯಾರೂ ಇಲ್ಲ. ಅವಳು ಹೋಗಲೇ ಇಲ್ಲ. ವಾರ ಕಳೆದು ಅವ್ವ ಹೊಸ ಪುಸ್ತಕಕ್ಕೆ ದುಡ್ಡು ಹೊಂದಿಸೋ ಹೊತ್ತಿಗೆ ಕೊಯ್ಲು ಶುರುವಾಗಿತ್ತು. ಕೊಯ್ಲು ಮುಗಿಯೋ ಹೊತ್ತಿಗೆ ಪರೀಕ್ಷೆ ಬಂತು. ಅಲ್ಲಿಗೆ ಓದು ಮುಗೀತು. ನಾನು ಬಿಇ ಮಾಡಿದೆ.

‘ಬೇಕಾದ್ರೆ ನೀನೇ ಇಟ್ಕೋ ಮಾರಾಯ, ಆ ಚೀಲ ತಗೊಂಡು ನಂಗೇನಾಗಬೇಕು’ ಅಂದು ಅಕ್ಕ ನಕ್ಕಳು. ನಾನು ನಗಲಿಲ್ಲ.

ಬೆಂಗಳೂರಿಗೆ ವಾಪಸ್ ಬಂದವನು ಆ ಪುಸ್ತಕಗಳನ್ನೆಲ್ಲ ಮತ್ತೆ ತೆಗೆದೆ. ಈ ಸಲ ಬೇರೆಯದೇ ಒಂದನ್ನು ಹುಡುಕುತ್ತಾ ಓದಿದೆ. ಈ ಕತೆ ಹೇಳ್ತಿರೋರ ಪಕ್ಕದಲ್ಲಿ, ಅದೇ ಮನೆಯಲ್ಲಿ, ಅದೇ ರಾತ್ರಿ ಇದ್ದ ಇನ್ನೊಂದು ಮಗು ಎಲ್ಲಿ ಹೋಯ್ತು?

‘ಗ್ಲಾಸ್ ಕ್ಯಾಸಲ್’ನಲ್ಲಿ ನಾಲ್ಕು ಮಕ್ಕಳು. ಮೊದಲ ಮೂವರು ಒಬ್ಬೊಬ್ಬರಾಗಿ ನ್ಯೂಯಾರ್ಕಿಗೆ ಪಾರಾಗ್ತಾರೆ, ನೆಲೆ ಕಂಡುಕೊಳ್ತಾರೆ. ಕೊನೆಯವಳು ಮೊರೀನ್. ಅವಳನ್ನೂ ಕರೆಸಿಕೊಳ್ತಾರೆ. ಆದರೆ ಅವಳು ಪಾರಾಗಲ್ಲ. ಒಂದು ದಿನ ತಾಯಿಗೇ ಚಾಕು ಹಾಕ್ತಾಳೆ, ಆಸ್ಪತ್ರೆ ಸೇರ್ತಾಳೆ, ಆಮೇಲೆ ಕ್ಯಾಲಿಫೋರ್ನಿಯಾದ ಬಸ್ ಹತ್ತಿ ಹೋಗಿಬಿಡ್ತಾಳೆ. ಅಷ್ಟು ದೊಡ್ಡ ಪುಸ್ತಕದಲ್ಲಿ ಅವಳಿಗೆ ಸಿಕ್ಕಿದ್ದು ಕೆಲವೇ ಪುಟ. ತಂಗಿಯನ್ನು ಕಾಪಾಡಲಿಲ್ಲ ಅನ್ನೋ ಸಂಕಟ ಲೇಖಕಿಗೆ ಇದೆ, ಅದನ್ನು ಒಪ್ಪಬೇಕು. ಆದರೂ ಪುಸ್ತಕ ಅಲ್ಲಿ ನಿಲ್ಲೋದಿಲ್ಲ, ಹಬ್ಬದ ಊಟದ ಮೇಜಿನ ಕಡೆ ನಡೀತದೆ. ಅಪ್ಪ ಸತ್ತ ಮೇಲೆ ಮನೆಯವರು ಸೇರಿ ಅವನನ್ನು ನೆನೆಯೋ ದೃಶ್ಯದಲ್ಲಿ ಮುಗಿಯುತ್ತೆ. ಮೊದಲ ಸಲ ಓದಿದಾಗ ಆ ಊಟದ ದೃಶ್ಯಕ್ಕೆ ಅತ್ತಿದ್ದೆ. ಎರಡನೇ ಸಲ ಮೊರೀನಳ ಪುಟಗಳನ್ನು ಎಣಿಸಿದೆ.

ಇದು ವಾಲ್ಸ್ ಒಬ್ಬರ ತಪ್ಪು ಅಲ್ಲ. ಚೇತರಿಕೆಯ ಕತೆಗೆ ಒಂದು ಅಚ್ಚು ಇದೆ. ಮೊದಲು ಕೆಟ್ಟ ಮನೆ, ನಡುವೆ ತಪ್ಪಿಸಿಕೊಳ್ಳೋದು, ಕೊನೆಗೆ ಕ್ಷಮೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ರಿಲೀಸ್ ನೋಟ್ ಇದ್ದ ಹಾಗೆ: ಹಳೇ ವರ್ಷನ್‌ನಲ್ಲಿದ್ದ ಬಗ್‌ಗಳು ಇವು, ಇದರಲ್ಲಿ ಸರಿಪಡಿಸಲಾಗಿದೆ. ಸರಿಹೋಗದೇ ಉಳಿದವರನ್ನು ಈ ಅಚ್ಚಿನಲ್ಲಿ ಕೂರಿಸೋಕೆ ಜಾಗ ಇರಲ್ಲ. ಓದೋರು ಕೂಡ ಕೇಳೋದು ಅದನ್ನೇ. ಒಂದು ಕಾಲದಲ್ಲಿ ಇಂಗ್ಲೆಂಡಿನ ವಾಟರ್‌ಸ್ಟೋನ್ಸ್ ಅಂಗಡಿಗಳಲ್ಲಿ ಇಂಥ ಪುಸ್ತಕಗಳಿಗೆ ‘ನೋವಿನ ಬದುಕುಗಳು’ ಅನ್ನೋ ಅರ್ಥದ ಬೇರೆಯೇ ಕಪಾಟು ಇತ್ತು. ಅಡುಗೆ ಪುಸ್ತಕ, ಪ್ರವಾಸದ ಪುಸ್ತಕ, ನೋವಿನ ಪುಸ್ತಕ. ಚಪ್ಪಾಳೆಗಾಗಿ ಚೀಲದ ಕತೆ ಹೇಳಿದ ನಾನೂ ಆ ಕಪಾಟಿಗೇ ಒಂದು ಸರಕು ಇಟ್ಟ ಹಾಗಾಯ್ತಲ್ಲ!

ಟಾರಾ ವೆಸ್ಟೋವರ್ ಬರೆದ ‘ಎಜುಕೇಟೆಡ್’ (2018) ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ ಅನ್ನಿಸ್ತು. ಐಡಹೋದ ಬೆಟ್ಟದ ತಪ್ಪಲಿನ ಮನೆ. ಶಾಲೆ ಇಲ್ಲ, ಡಾಕ್ಟರ್ ಇಲ್ಲ, ಕೈ ತಿರುಚೋ ಅಣ್ಣ. ಹದಿನೇಳಕ್ಕೆ ಮೊದಲ ಸಲ ತರಗತಿಯಲ್ಲಿ ಕೂತವಳು ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಮಾಡ್ತಾಳೆ. ಹೊರಗಿಂದ ನೋಡಿದ್ರೆ ಇದೂ ಅದೇ ಅಚ್ಚು. ಆದರೆ ಪುಟದ ಕೆಳಗೆ ಸಣ್ಣ ಅಕ್ಷರದ ಟಿಪ್ಪಣಿಗಳಿವೆ. ಅಣ್ಣ ಲ್ಯೂಕ್‌ನ ಕಾಲು ಸುಟ್ಟ ದಿನ ಅಪ್ಪ ಅಲ್ಲಿದ್ದರಾ, ಇಲ್ಲವಾ? ತನಗೆ ಒಂದು ನೆನಪು, ಅಣ್ಣಂದಿರಿಗೆ ಇನ್ನೊಂದು. ಅದನ್ನು ಅವಳು ಮುಚ್ಚಿಡಲ್ಲ. ಪುಸ್ತಕದ ಕೊನೆಯಲ್ಲೂ ಈ ಬಗ್ಗೆ ಬರೀತಾಳೆ. ನಮ್ಮ ಬುಕ್ ಕ್ಲಬ್ಬಿನಲ್ಲಿ ಆ ಟಿಪ್ಪಣಿಗಳ ಬಗ್ಗೆ ಯಾರೂ ಮಾತೆತ್ತಲಿಲ್ಲ, ನಾನೂ ಹಾರಿಸಿಯೇ ಓದಿದ್ದೆ. ಈಗ ನೋಡಿದ್ರೆ ಇಡೀ ಪುಸ್ತಕದಲ್ಲಿ ನನಗೆ ಬೇಕಾಗಿದ್ದದ್ದು ಅಲ್ಲೇ ಇತ್ತು. (2020ರಲ್ಲಿ ಅವಳ ತಾಯಿಯೂ ತಮ್ಮ ಕಡೆಯಿಂದ ಒಂದು ಪುಸ್ತಕ ಬರೆದರು. ಹೆಸರು ‘ಎಜುಕೇಟಿಂಗ್’. ಒಂದೇ ಮನೆ, ಎರಡು ಪುಸ್ತಕ.)

ಆಮೇಲೆ ಕನ್ನಡದ ಕಡೆ ಬಂದೆ. ನಮ್ಮ ಥೀಮಿನ ಪಟ್ಟಿಯಲ್ಲಿ ಕನ್ನಡ ಪುಸ್ತಕ ಒಂದೂ ಇರಲಿಲ್ಲ. ಕೇಳಿದ್ದಕ್ಕೆ ‘ಕನ್ನಡದಲ್ಲಿ ಈ ಜಾನರ್ ಇದೆಯಾ?’ ಅಂದರು. ‘ಹೀಲಿಂಗ್’ ಅಂತ ಹಣೆಪಟ್ಟಿ ಕಟ್ಟಿಕೊಂಡ ಜಾನರ್ ಇಲ್ಲ, ನಿಜ. ಪುಸ್ತಕಗಳಿವೆ.

ಸಿದ್ದಲಿಂಗಯ್ಯನವರ ‘ಊರುಕೇರಿ’ ಇದೆ. ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಕೇರಿಯಲ್ಲಿ ಶುರುವಾಗೋ ಆತ್ಮಕಥೆ. ಆರಂಭದಲ್ಲೇ ಹುಡುಗ ಒಂದು ದೃಶ್ಯ ನೋಡ್ತಾನೆ. ಎತ್ತಿನ ಜಾಗದಲ್ಲಿ ಇಬ್ಬರು ಮನುಷ್ಯರು ನೊಗ ಹೊತ್ತಿದ್ದಾರೆ, ಅವರಲ್ಲಿ ಒಬ್ಬರು ಅವನ ಅಪ್ಪ. ಇದಕ್ಕಿಂತ ದೊಡ್ಡ ಪೆಟ್ಟು ಒಂದು ಮಗುವಿಗೆ ಏನಿರುತ್ತೆ? ಆದರೆ ಪುಸ್ತಕ ಅಲ್ಲಿ ಅಳುತ್ತಾ ಕೂರೋದಿಲ್ಲ. ಹಾಸ್ಟೆಲ್ಲಿನ ಹಸಿವು, ಸ್ಮಶಾನದಲ್ಲಿ ಕೂತು ಓದೋದು, ಎಲ್ಲದರಲ್ಲೂ ನಗು ಉಕ್ಕುತ್ತೆ. ‘ಹೊಲೆಮಾದಿಗರ ಹಾಡು’ ಬರೆದು ಬೆಂಕಿ ಹಚ್ಚಿದ ಕವಿ ಆತ್ಮಕಥೆಯಲ್ಲಿ ಇಷ್ಟು ನಗಿಸ್ತಾರಲ್ಲ ಅಂತ ಓದಿದವರೆಲ್ಲ ಬೆರಗಾಗಿದ್ದಾರೆ. ಆ ನಗು ಕ್ಷಮೆ ಅಲ್ಲ. ನಾನು ಗೆದ್ದೆ ಅನ್ನೋ ನಗುವೂ ಅಲ್ಲ. ಅದು ಕೇರಿಯ ನಗು. ಅಲ್ಲಿ ನಗೋರು ಒಬ್ಬರೇ ಅಲ್ಲ, ಪಕ್ಕದ ಮನೆಯವರು, ಹಾಸ್ಟೆಲ್ ಗೆಳೆಯರು ಎಲ್ಲ ಇದ್ದಾರೆ. ಹಾಗಾಗಿ ನೋವೂ ಒಬ್ಬರ ಆಸ್ತಿ ಆಗಲ್ಲ. ಅಕ್ಕ ಕಣದಲ್ಲಿ ನಕ್ಕದ್ದು ನೆನಪಾಯ್ತು. ಆದರೆ ಅವಳ ನಗುವನ್ನು ಹೀಗೇ ಅಂತ ಅರ್ಥ ಮಾಡಿಬಿಡೋ ಹಕ್ಕು ನನಗಿದೆಯಾ ಅಂತ ಅನುಮಾನ.

ವಿಜಯಮ್ಮನವರ ‘ಕುದಿ ಎಸರು’ ಇದಕ್ಕೆ ವಿರುದ್ಧ ದಿಕ್ಕು. ಅಲ್ಲಿ ನಗುವಿನ ಆಸರೆ ಇಲ್ಲ. ಬಾಲ್ಯದ ಮನೆಯ, ಆಮೇಲೆ ಮದುವೆಯಾದ ಮನೆಯ ಹಿಂಸೆಯನ್ನು ಎಪ್ಪತ್ತು ದಾಟಿದ ಹೆಂಗಸು ಕೂತು ನೇರವಾಗಿ ಹೇಳ್ತಾರೆ. 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ. ಹೆಸರನ್ನೇ ನೋಡಿ. ಅನ್ನಕ್ಕಿಟ್ಟ ಎಸರು ಇನ್ನೂ ಕುದೀತಾ ಇದೆ, ಇಳಿಸಿಲ್ಲ. ‘ನಾನು ಗುಣವಾದೆ’ ಅಂತ ಬೋರ್ಡು ಹಾಕೋ ಪುಸ್ತಕಕ್ಕೆ ಈ ಹೆಸರು ಇಡೋಕಾಗಲ್ಲ. ನನಗೆ ಒಂದೇ ಸಲಕ್ಕೆ ಓದಿ ಮುಗಿಸೋಕೆ ಆಗಲಿಲ್ಲ, ಮೂರು ಸಲ ಕೆಳಗಿಟ್ಟೆ. ನೀವು ಓದೋದಾದ್ರೆ ರಾತ್ರಿ ಹೊತ್ತು ಬೇಡ.

ಇವೆಲ್ಲಕ್ಕಿಂತ ಹೆಚ್ಚು ತಲೆಯಲ್ಲಿ ಕೂತದ್ದು ಭೈರಪ್ಪನವರು. ಅವರ ಸಿದ್ಧಾಂತ, ವಿವಾದ ಎಲ್ಲ ಪಕ್ಕಕ್ಕಿಡಿ, ಅದಕ್ಕೆ ಬೇರೆ ಅಂಕಣ ಬೇಕು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಆ ಹುಡುಗ ಕಂಡದ್ದನ್ನು ಎಣಿಸೋದೇ ಕಷ್ಟ. ಮನೆಗೆ ಆಸರೆಯಾಗದ ಅಪ್ಪ, ಪ್ಲೇಗಿಗೆ ಬಲಿಯಾದ ಒಡಹುಟ್ಟಿದವರು, ತಾಯಿ. ತಮ್ಮನ ಹೆಣವನ್ನು ತಾನೇ ಹೆಗಲ ಮೇಲೆ ಹೊತ್ತು ಸುಡೋಕೆ ಹೋದದ್ದು. ಊರೂರು ಅಲೆದು, ಮುಂಬೈ ರೈಲ್ವೆ ಸ್ಟೇಷನ್ನಿನಲ್ಲಿ ಕೂಲಿ ಮಾಡಿದ್ದು. ಇದನ್ನು ತಮ್ಮದೇ ಹೆಸರಿನಲ್ಲಿ ಅವರು ಬರೆದದ್ದು ‘ಭಿತ್ತಿ’ಯಲ್ಲಿ, 1996ರಲ್ಲಿ. ಆದರೆ ಅದಕ್ಕೂ ಇಪ್ಪತ್ತಾರು ವರ್ಷ ಮೊದಲು, 1970ರಲ್ಲಿ, ಇದೇ ಬಾಲ್ಯದ ಮಣ್ಣಿನಿಂದ ‘ಗೃಹಭಂಗ’ ಕಾದಂಬರಿ ಬಂದಿತ್ತು. ನನ್ನ ಪ್ರಶ್ನೆಗೆ ಉತ್ತರದಂಥದ್ದು ಏನಾದರೂ ಸಿಕ್ಕಿದ್ರೆ ಈ ಎರಡರ ನಡುವಿನ ವ್ಯತ್ಯಾಸದಲ್ಲೇ.

‘ಗೃಹಭಂಗ’ದಲ್ಲಿ ಬದುಕುಳಿಯೋ ಹುಡುಗ ವಿಶ್ವ. ಅಚ್ಚಿನ ಪ್ರಕಾರ ಹೋದರೆ ಕತೆ ಅವನದ್ದಾಗಬೇಕಿತ್ತು. ಆಗಿಲ್ಲ. ಕಾದಂಬರಿ ನಂಜಮ್ಮನದ್ದು. ಗಂಡ ಚೆನ್ನಿಗರಾಯನಿಗೆ ಶ್ಯಾನುಭೋಗಿಕೆ ಲೆಕ್ಕ ಬರೆಯೋಕೆ ಬರಲ್ಲ. ಅವಳು ಕಲೀತಾಳೆ, ಬರೀತಾಳೆ. ಅತ್ತೆ ಗಂಗಮ್ಮನ ಬಾಯಿ ಬೇರೆ. ಮಕ್ಕಳನ್ನು ಓದಿಸಬೇಕು, ಇರೋಕೆ ಒಂದು ಮನೆ ಬೇಕು ಅಂತ ಜೀವ ತೇಯ್ತಾಳೆ. ಪ್ಲೇಗು ಬಂದು ಮಗಳನ್ನೂ ದೊಡ್ಡ ಮಗನನ್ನೂ ಒಯ್ಯುತ್ತೆ, ಆಮೇಲೆ ಅವಳನ್ನೂ. ಕೊನೆಗೆ ವಿಶ್ವ ಮಾದೇವಯ್ಯನವರ ಹಿಂದೆ ಊರು ಬಿಟ್ಟು ಹೊರಡ್ತಾನೆ. ಅಷ್ಟೇ. ಮುಂದೆ ಅವನು ದೊಡ್ಡ ಮನುಷ್ಯ ಆಗ್ತಾನೆ, ಇದನ್ನೆಲ್ಲ ಬರೀತಾನೆ ಅನ್ನೋ ಒಂದು ಸುಳಿವೂ ಇಲ್ಲ. ಬದುಕುಳಿದವನು ತನ್ನನ್ನು ಕತೆಯ ಅಂಚಿಗೆ ಸರಿಸಿ, ಉಳಿಯದವಳಿಗೆ ನಡುಮನೆ ಬಿಟ್ಟುಕೊಟ್ಟಿದ್ದಾನೆ.

‘ಭಿತ್ತಿ’ ಆತ್ಮಕಥೆ, ಅಲ್ಲಿ ‘ನಾನು’ ನಡುವೆ ಇರಲೇಬೇಕು. ಅದರ ಬಾಲ್ಯದ ಭಾಗ ಎಷ್ಟು ಸಲ ಓದಿದ್ರೂ ಗಂಟಲು ಕಟ್ಟುತ್ತೆ. ಆದರೆ ಮುಂದಕ್ಕೆ ಹೋದ ಹಾಗೆ ಅದು ಕೂಡ ಸಾಧನೆಯ ಕತೆ ಆಗುತ್ತೆ, ಎದುರಾಳಿಗಳ ಲೆಕ್ಕ ಚುಕ್ತಾ ಮಾಡೋ ಪುಸ್ತಕ ಆಗುತ್ತೆ. ನನಗೆ ಆ ಪುಟಗಳು ಬೇಸರ ತಂದವು. ಒಬ್ಬನೇ ಮನುಷ್ಯ, ಒಂದೇ ಬಾಲ್ಯ. ಕಾದಂಬರಿ ಬರೆದಾಗ ಅಮ್ಮ ದೊಡ್ಡವಳಾದಳು, ಆತ್ಮಕಥೆ ಬರೆದಾಗ ಮಗ ದೊಡ್ಡವನಾದ. ಇದರಲ್ಲಿ ಭೈರಪ್ಪನವರನ್ನು ದೂರೋಕೆ ಏನೂ ಇಲ್ಲ, ‘ನಾನು’ ಅನ್ನೋ ಪದದ ಎಳೆತವೇ ಅಂಥದ್ದು. ಎರಡೇ ನಿಮಿಷ ಮಾತಾಡಿದ ನಾನು ಅಕ್ಕನ ಚೀಲ ಎಳೆದುಕೊಂಡಿಲ್ವಾ?

ನೆನಪು ಮೋಸ ಮಾಡುತ್ತೆ, ಬೇಕಂತ ಕದ್ದಿಲ್ಲವಲ್ಲ ಅಂತ ನೀವು ಸಮಾಧಾನ ಹೇಳಬಹುದು. ಗೆಳೆಯರೂ ಹೇಳಿದರು. ಒಬ್ಬ ಗೆಳತಿ, ಕೌನ್ಸೆಲಿಂಗ್ ಓದಿದವಳು, ಜೇಮ್ಸ್ ಪೆನ್ನೆಬೇಕರ್ ಅನ್ನೋರ 1986ರ ಪ್ರಯೋಗದ ಬಗ್ಗೆ ಹೇಳಿದಳು. ವಿದ್ಯಾರ್ಥಿಗಳಿಗೆ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ತಮಗಾದ ಆಘಾತದ ಬಗ್ಗೆ ಬರೆಯೋಕೆ ಹೇಳಿದ್ರಂತೆ. ಬರೆದ ಕೂಡಲೇ ಮನಸ್ಸು ಕುಗ್ಗಿತು, ಆದರೆ ಮುಂದಿನ ತಿಂಗಳುಗಳಲ್ಲಿ ಘಟನೆಯನ್ನೂ ಭಾವನೆಯನ್ನೂ ಸೇರಿಸಿ ಬರೆದವರು ಕಾಯಿಲೆ ಅಂತ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ ಆಯ್ತು. ಒಪ್ಪೋಣ. ಆದರೆ ಅವರು ಬರೆದದ್ದನ್ನು ಕೇಳಿ ಸಭೆ ಚಪ್ಪಾಳೆ ತಟ್ಟಿರಲಿಲ್ಲ. ಡೈರಿಯಲ್ಲಿ ಚೀಲ ಯಾರದ್ದು ಅಂತ ತಪ್ಪಾದರೆ ಯಾರಿಗೂ ನಷ್ಟ ಇಲ್ಲ. ಹತ್ತು ಜನರ ಮುಂದೆ ಹೇಳಿದಾಗ ನನಗೆ ಏನೋ ಸಿಗುತ್ತೆ, ಸಿಕ್ಕಿತು ಕೂಡ. ಅದು ಅಕ್ಕನಿಗೆ ಸೇರಬೇಕಾದದ್ದು. ಇನ್ನೊಂದು ವಿಷಯ ಅದಕ್ಕಿಂತ ಹೆಚ್ಚು ಚುಚ್ಚುತ್ತೆ. ನನ್ನ ಕತೆಯಲ್ಲಿ ಏನೂ ಮಾಡದ ಪಾಪದ ಹುಡುಗನ ಚೀಲ ಸುಮ್ಮನೆ ಸುಟ್ಟುಹೋಗಿತ್ತು. ನಡೆದದ್ದರಲ್ಲಿ ಹದಿಮೂರು ವರ್ಷದ ಹುಡುಗಿ ಸೂಜಿ ಹಿಡಿದು ನಾಲ್ಕು ಪ್ಯಾಕೆಟ್ ಸಾರಾಯಿ ಚುಚ್ಚಿದ್ದಳು. ನಾನು ಬರೀ ಚೀಲ ಎಳೆದುಕೊಂಡಿರಲಿಲ್ಲ, ಆ ಸೂಜಿಯನ್ನೂ ಕತೆಯಿಂದ ಕಿತ್ತು ಹಾಕಿದ್ದೆ.

ಕೊಡಗಿನ ಬಗ್ಗೆ ಬೆಂಗಳೂರಿಗೆ ಗೊತ್ತಿರೋದು ಹೋಂಸ್ಟೇ, ಮಂಜು, ಅಬ್ಬಿ ಫಾಲ್ಸ್. ನಮ್ಮ ಕಡೆ ತೋಟದ ಲೈನ್ ಮನೆಗಳಲ್ಲಿ ಬೆಳೆದ ಮಕ್ಕಳು ನನ್ನ ಕ್ಲಾಸಿನಲ್ಲಿದ್ದರು. ಕೊಯ್ಲಿನ ತಿಂಗಳಲ್ಲಿ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿ. ಅವರ ಆತ್ಮಕಥೆ ಬಂದರೆ ನಮ್ಮ ಮೂರು ಎಕರೆಯ ಮನೆಯವರು ಅದರಲ್ಲಿ ಯಾವ ಪಾತ್ರ ಅಂತ ಯೋಚಿಸಿದ್ರೆ ಮೈ ಬೆವರುತ್ತೆ. ಕೂಲಿ ಕೊಡೋ ದಿನ ಅಪ್ಪ ಕುಡಿದಿರ್ತಿದ್ದರು. ನಮ್ಮ ಕತೆಯಲ್ಲಿ ನಾವು ನೊಂದವರು, ಅವರ ಕತೆಯಲ್ಲಿ ಧಣಿಯ ಮಕ್ಕಳು.

ಅಪ್ಪನಿಗೆ ಈಗ ಎಪ್ಪತ್ತರ ಹತ್ತಿರ. ಕುಡಿತ ಬಿಟ್ಟು ಒಂಬತ್ತು ವರ್ಷ ಆಯ್ತು, ಡಾಕ್ಟರ್ ಹೆದರಿಸಿದ ಮೇಲೆ. ಅಕ್ಕನ ಮಗಳ ಸ್ಕೂಲ್ ಚೀಲವನ್ನು ಬಸ್ ಸ್ಟಾಪಿನ ತನಕ ತಾವೇ ಹೊತ್ತು ನಡೀತಾರೆ, ರಜಕ್ಕೆ ಅವಳು ಬಂದಾಗ ಟ್ಯೂಷನ್ನಿಗೆ. ಮೊದಲ ಸಲ ಅದನ್ನು ನೋಡಿದಾಗ ‘ಇದೇ ನನ್ನ ಪುಸ್ತಕದ ಕೊನೇ ಪುಟ’ ಅಂದುಕೊಂಡಿದ್ದೆ, ನೆನಪಿದೆ. ಈಗ ಆ ಪುಟ ಬರೆಯೋಕೆ ಧೈರ್ಯ ಇಲ್ಲ. ಅಕ್ಕ ಅದನ್ನು ನೋಡುವಾಗ ಏನಂದುಕೊಳ್ತಾಳೆ ಅಂತ ನಾನು ಒಂದು ದಿನವೂ ಕೇಳಿಲ್ಲ.

ಅಕ್ಕನಿಗೆ ‘ಗೃಹಭಂಗ’ ಕಳಿಸಿದ್ದೆ. ಗಿರೀಶ್ ಕಾಸರವಳ್ಳಿ ಮಾಡಿದ ಧಾರಾವಾಹಿಯನ್ನು ಅವಳು ಅಲ್ಲೊಂದು ಇಲ್ಲೊಂದು ಕಂತು ನೋಡಿದ್ದಳು. ಒಂದು ತಿಂಗಳಾದ ಮೇಲೆ ಫೋನ್ ಮಾಡಿ ಓದಿದ್ಯಾ ಅಂತ ಕೇಳಿದೆ.

‘ಅರ್ಧ ಓದ್ದೆ. ಅವಳು ಲೆಕ್ಕ ಬರೆಯೋಕೆ ಕಲೀತಾಳಲ್ಲ, ಅದು ಚೆನ್ನಾಗಿದೆ. ಎರಡು ಸಲ ಓದ್ದೆ.’

‘ಪೂರ್ತಿ ಓದ್ಲಿಲ್ವಾ?’

‘ಮುಂದೆ ಪ್ಲೇಗ್ ಬರುತ್ತೆ ಅಂತ ಗೊತ್ತಲ್ಲ. ಅಲ್ಲಿಗೇ ನಿಲ್ಲಿಸ್ದೆ.’

ಕಳೆದ ಬುಕ್ ಕ್ಲಬ್ಬಿನಲ್ಲಿ ಐದು ನಿಮಿಷ ಕೇಳಿ ಪಡೆದು, ಚೀಲ ನನ್ನದಲ್ಲ, ಅಕ್ಕನದು ಅಂತ ಹೇಳಿದೆ. ಸೂಜಿಯ ವಿಷಯವನ್ನೂ ಹೇಳಿದೆ. ನಡೆಸಿಕೊಡ್ತಿದ್ದವರು ಒಳ್ಳೆಯವರು, ನನ್ನ ಭುಜ ತಟ್ಟಿ, ಇದರಿಂದ ನಿಮ್ಮ ಜರ್ನಿಯೇನೂ ಬದಲಾಗಲ್ಲ ಬಿಡಿ ಅಂದರು. ಕಣ್ಣೊರೆಸಿಕೊಂಡಿದ್ದವರು ಮಾತ್ರ ಪಿಜ್ಜಾ ಹೊತ್ತಿನಲ್ಲಿ ಹತ್ತಿರ ಬಂದರು.

‘ನಿಮ್ಮಕ್ಕ ಈಗ ಏನು ಮಾಡ್ತಿದಾರೆ?’ ಅಂತ ಕೇಳಿದರು.